ಮೂರು ಸಲ ಕಪ್ ಗೆದ್ದು ಮರೆತುಹೋದ ತಂಡ

ಬೆಂಗಳೂರಿನ ಫುಟ್‌ಬಾಲ್ ತಂಡ ಯಾವುದು ಎಂದು ನಮ್ಮ ತೆರಕಣಾಂಬಿಯ ಯಾವ ಹೈಸ್ಕೂಲ್ ಹುಡುಗನನ್ನು ಕೇಳಿದರೂ ‘ಬೆಂಗಳೂರು ಎಫ್.ಸಿ.’ ಎನ್ನುತ್ತಾನೆ. ಜೊತೆಗೆ ಸುನಿಲ್ ಛೇತ್ರಿಯ ಹೆಸರನ್ನೂ ಸೇರಿಸುತ್ತಾನೆ. ತಪ್ಪೇನಿಲ್ಲ. 2013ರಲ್ಲಿ ಹುಟ್ಟಿ, ಕಣಕ್ಕಿಳಿದ ಮೊದಲ ವರ್ಷವೇ ಐ-ಲೀಗ್ ಗೆದ್ದ ತಂಡ ಅದು. ಆದರೆ ಅದು ಹುಟ್ಟುವುದಕ್ಕೆ 76 ವರ್ಷ ಮೊದಲೇ ಬೆಂಗಳೂರಿನ ಇನ್ನೊಂದು ತಂಡ ಬೊಂಬಾಯಿಗೆ ಹೋಗಿ, ಅದುವರೆಗೆ ಭಾರತದ ಯಾವ ನಾಗರಿಕ ತಂಡಕ್ಕೂ ದಕ್ಕದಿದ್ದ ಒಂದು ಕಪ್ಪನ್ನು ಗೆದ್ದುಕೊಂಡು ಬಂದಿತ್ತು. ಅದರ ಹೆಸರು ಹೇಳಿದರೆ ಹುಡುಗರಿರಲಿ, ನನ್ನ ವಯಸ್ಸಿನವರೂ ‘ಹಾಗೊಂದು ತಂಡ ಇತ್ತೇ?’ ಎನ್ನುತ್ತಾರೆ.

ತಂಡದ ಹೆಸರು ಬೆಂಗಳೂರು ಮುಸ್ಲಿಮ್ಸ್. ಹೆಸರು ಕೇಳಿ ಮಕ್ಕಳು ಹುಬ್ಬೇರಿಸಬೇಡಿ. ಆಗಿನ ಕಾಲದಲ್ಲಿ ತಂಡಗಳಿಗೆ ಹೆಸರಿಡುತ್ತಿದ್ದ ರೀತಿಯೇ ಹಾಗೆ. ಬೊಂಬಾಯಿಯಲ್ಲಿ ಕ್ರಿಕೆಟ್ ಪಂದ್ಯಗಳು ಹಿಂದೂಗಳು, ಮುಸ್ಲಿಮರು, ಪಾರ್ಸಿಗಳು, ಯುರೋಪಿಯನ್ನರು ಎಂಬ ತಂಡಗಳ ನಡುವೆಯೇ ನಡೆಯುತ್ತಿದ್ದವು. ಊರಿನ ಹೆಸರು, ಜಾತಿಯ ಹೆಸರು, ಪಲ್ಟನ್ನಿನ ಹೆಸರು ಹೀಗೆ ಯಾವುದಾದರೊಂದು ಸಾಕಾಗಿತ್ತು. ಮೊಬೈಲ್ ಕಂಪನಿಯ ಹೆಸರು ಅಂಗಿಯ ಮೇಲೆ ಬರುವ ಕಾಲ ಇನ್ನೂ ಬಹಳ ದೂರವಿತ್ತು.

ಬೆಂಗಳೂರೂ ಆಗ ಈಗಿನ ಬೆಂಗಳೂರಲ್ಲ. 1931ರ ಜನಗಣತಿಯಲ್ಲಿ ಪೇಟೆಯೂ ದಂಡೂ ಸೇರಿ ಮೂರು ಲಕ್ಷದ ಆಸುಪಾಸು ಜನ, ಅಷ್ಟೆ. ಆಗಲೇ ಕಲ್ಕತ್ತದಲ್ಲಿ ಹನ್ನೊಂದು ಲಕ್ಷ ಮೀರಿದ್ದರು. ಪೇಟೆ ಮೈಸೂರು ಮಹಾರಾಜರದು, ದಂಡು ಬ್ರಿಟಿಷರದು. 1809ರಲ್ಲಿ ಬ್ರಿಟಿಷರು ಹಲಸೂರಿನ ಆಚೀಚೆ ಸೈನ್ಯ ಇಳಿಸಿದ ಮೇಲೆ ಬೆಳೆದ ಊರು ಅದು. ಹಿರಿಯರು ಈಗಲೂ ಕಂಟೋನ್ಮೆಂಟ್ ಎನ್ನುವುದಕ್ಕೆ ದಂಡು ಎನ್ನುತ್ತಾರೆ. ಸೋಲ್ಜರುಗಳು ಸಂಜೆ ಹೊತ್ತು ಬೂಟು ಹಾಕಿಕೊಂಡು ಚೆಂಡು ಒದೆಯುತ್ತಿದ್ದರು. ಬೇಲಿಯಾಚೆ ನಿಂತು ನೋಡುತ್ತಿದ್ದವರು ಕುದುರೆ ಲಾಯದವರ ಮಕ್ಕಳು, ಅಡುಗೆಯವರ ಮಕ್ಕಳು, ದರ್ಜಿಗಳ ಮಕ್ಕಳು. ನೋಡುತ್ತಾ ನೋಡುತ್ತಾ ಆ ಮಕ್ಕಳೇ ಮೈದಾನಕ್ಕೆ ಇಳಿದರು. ಮರ್ಫಿ ಟೌನ್, ಆಸ್ಟಿನ್ ಟೌನ್, ಗೌತಮಪುರಗಳಲ್ಲಿ ಇವತ್ತಿಗೂ ಗಲ್ಲಿ ಗಲ್ಲಿಯಲ್ಲಿ ಫುಟ್‌ಬಾಲ್ ಇರುವುದು ಆ ಬೇಲಿಯ ಆಸ್ತಿ. ಗೌತಮಪುರದಲ್ಲಂತೂ ಬುದ್ಧ, ಅಂಬೇಡ್ಕರ್ ಪ್ರತಿಮೆಗಳ ಜೊತೆಗೆ ಬ್ರೆಜಿಲ್ಲಿನ ಪೆಲೆಯ ಪ್ರತಿಮೆಯನ್ನೂ ಜನ ನಿಲ್ಲಿಸಿಕೊಂಡಿದ್ದಾರೆ. ಬೆಂಗಳೂರಿಗೆ ಹೋದಾಗ ಮಕ್ಕಳಿಗೆ ಮಾಲ್ ತೋರಿಸುವ ಬದಲು ಅದನ್ನೊಮ್ಮೆ ತೋರಿಸಬಹುದು.

ಇನ್ನು ಆ ಕಪ್ಪಿನ ವಿಷಯ. ಭಾರತದಲ್ಲಿ ಆಗ ಮೂರು ದೊಡ್ಡ ಪಂದ್ಯಾವಳಿಗಳಿದ್ದವು. 1888ರಲ್ಲಿ ಸಿಮ್ಲಾದಲ್ಲಿ ಶುರುವಾದ ಡ್ಯುರಾಂಡ್ ಕಪ್, 1891ರಲ್ಲಿ ಬೊಂಬಾಯಿಯಲ್ಲಿ ಶುರುವಾದ ರೋವರ್ಸ್ ಕಪ್, 1893ರಲ್ಲಿ ಕಲ್ಕತ್ತದಲ್ಲಿ ಶುರುವಾದ ಐ.ಎಫ್.ಎ. ಶೀಲ್ಡ್. ಮೂರನ್ನೂ ಶುರುಮಾಡಿದವರು ಬ್ರಿಟಿಷರು, ಗೆಲ್ಲುತ್ತಿದ್ದವರೂ ಅವರ ಪಲ್ಟನ್ನುಗಳೇ. ಶೀಲ್ಡನ್ನು 1911ರಲ್ಲಿ ಮೋಹನ್ ಬಗಾನ್ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ಮೇಲೆ 2–1ರಲ್ಲಿ ಗೆದ್ದ ಕಥೆ ಶಾಲೆಯ ಪುಸ್ತಕಗಳಲ್ಲಿಯೂ ಇರುತ್ತದೆ. ಅದೇ ಮೋಹನ್ ಬಗಾನ್ 1923ರಲ್ಲಿ ರೋವರ್ಸ್ ಕಪ್ಪಿನ ಫೈನಲ್ ತಲುಪಿ ಡರ್ಹಮ್ ಲೈಟ್ ಇನ್‌ಫೆಂಟ್ರಿ ಎದುರು ಸೋತು ಬಂತು. ರೋವರ್ಸ್ ಕಪ್ 46 ವರ್ಷ ನಮ್ಮ ನಾಗರಿಕ ತಂಡಗಳ ಕೈಗೆ ಸಿಗಲೇ ಇಲ್ಲ.

1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಫೈನಲ್ಲಿಗೆ ಬಂದಾಗ ಎದುರಿಗೆ ನಿಂತವರು ಬ್ರಿಟಿಷರಲ್ಲ, ಕಲ್ಕತ್ತದ ಮಹಮ್ಮಡನ್ ಸ್ಪೋರ್ಟಿಂಗ್. ಬ್ರಿಟಿಷರಾಗಿದ್ದರೆ ಸುಲಭವಾಗುತ್ತಿತ್ತೇನೋ! ಯಾಕೆಂದರೆ ಮಹಮ್ಮಡನ್ ಸ್ಪೋರ್ಟಿಂಗ್ ಆಗ ಇಡೀ ದೇಶದ ಹುಲಿ. 1934ರಿಂದ 1938ರವರೆಗೆ ಐದು ವರ್ಷ ಸತತವಾಗಿ ಕಲ್ಕತ್ತ ಲೀಗ್ ಗೆದ್ದ ತಂಡ. ಅದಕ್ಕೆ ಮುಂಚೆ ಯಾವ ಭಾರತೀಯ ತಂಡವೂ ಆ ಲೀಗನ್ನು ಒಂದು ಸಲವೂ ಗೆದ್ದಿರಲಿಲ್ಲ. ತಮಾಷೆಯೆಂದರೆ ಆ ಹುಲಿಯ ಪಂಜದಲ್ಲಿ ಕೆಲವು ಉಗುರು ನಮ್ಮವೇ. ಕಲ್ಕತ್ತದವರು ಬೆಂಗಳೂರಿಗೆ ಬಂದು ಒಳ್ಳೆಯ ಹುಡುಗರನ್ನು ಆರಿಸಿ ಕರೆದುಕೊಂಡು ಹೋಗಿದ್ದರು. ಹೀಗೆ ಉಳಿದವರು ಹೋದವರನ್ನು ಎದುರಿಸಿದ ಪಂದ್ಯ ಅದು. ಬೆಂಗಳೂರು 1–0ರಲ್ಲಿ ಗೆದ್ದಿತು.

ಮರುವರ್ಷ, 1938ರಲ್ಲಿ, ಮತ್ತೆ ಫೈನಲ್. ಈ ಸಲ ಎದುರಿಗೆ ಸ್ಕಾಟ್ಲೆಂಡಿನ ಪಲ್ಟನ್, ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್. 3–2ರಲ್ಲಿ ಮತ್ತೆ ಬೆಂಗಳೂರಿಗೇ ಕಪ್. ಡ್ಯುರಾಂಡ್ ಕಪ್ಪನ್ನು ಒಂದು ಭಾರತೀಯ ತಂಡ ಮೊದಲ ಬಾರಿ ಗೆದ್ದದ್ದು 1940ರಲ್ಲಿ ಎಂಬುದನ್ನು ನೆನೆದರೆ, ಮೂರು ಲಕ್ಷ ಜನರ ಊರು ಎಷ್ಟು ಮುಂದಿತ್ತು ಎಂದು ಲೆಕ್ಕ ಹಾಕಬಹುದು. 1940ರ ರೋವರ್ಸ್ ಫೈನಲ್ಲಿನಲ್ಲಿ ಮಹಮ್ಮಡನ್ ಸ್ಪೋರ್ಟಿಂಗ್ ಹಳೆಯ ಸಾಲ ತೀರಿಸಿಕೊಂಡಿತು, ಬಡ್ಡಿ ಇಲ್ಲದೆ, ಅದೇ 1–0. ಮತ್ತೆ 1948ರಲ್ಲಿ, ಸ್ವಾತಂತ್ರ್ಯ ಬಂದ ಮರುವರ್ಷ, ಬೆಂಗಳೂರು ಮುಸ್ಲಿಮ್ಸ್ ಫೈನಲ್ಲಿನಲ್ಲಿ ಮೋಹನ್ ಬಗಾನನ್ನು ಸೋಲಿಸಿ ಮೂರನೆಯ ಸಲ ಕಪ್ ತಂದಿತು. ಅದೇ ಕೊನೆ.

ಇದನ್ನೆಲ್ಲ ಮೊಮ್ಮಗನಿಗೆ ಹೇಳುತ್ತಿದ್ದಾಗ ಅವನು ಕೇಳಿದ್ದು ಗೋಲಿನ ವಿಷಯವನ್ನಲ್ಲ.

‘ತಾತಾ, ಬೂಟೇ ಇಲ್ದೆ ಆಡ್ತಿದ್ರಾ?’

‘ಹೂಂ ಕನ ಮೊಗ. ಬೂಟಿನವ್ರೂ ಇದ್ರು. ನಮ್ಮೋರು ಬಾಳ ಜನ ಬರಿಗಾಲ್ನೋರೆ.’

‘ಕಾಲು ನೋಯ್ತಿರ್ಲಿಲ್ವಾ?’

ನೋಯದೆ ಏನು? ಈ ವಿಷಯ ನನಗೆ ತಿಳಿದದ್ದು ಪುಸ್ತಕದಿಂದಲ್ಲ, ಬ್ಯಾಂಕಿನ ಕ್ಯಾಷ್ ಕೌಂಟರಿನಿಂದ. ನಾನು ಬೆಂಗಳೂರಿನ ಒಂದು ಶಾಖೆಯಲ್ಲಿ ಕೆಲಸ ಮಾಡುತ್ತಿದ್ದಾಗ ಪಕ್ಕದ ಕೌಂಟರಿನಲ್ಲಿ ಕೂರುತ್ತಿದ್ದವರು ಫುಟ್‌ಬಾಲ್ ಆಡಿ ಕೆಲಸ ಪಡೆದವರು. ಅವರ ತಂದೆ ದಂಡಿನ ಮೈದಾನಗಳಲ್ಲಿ ಬರಿಗಾಲಲ್ಲಿ ಆಡಿದವರಂತೆ. ಊಟದ ಹೊತ್ತಿನಲ್ಲಿ ಅವರು ಹೇಳುತ್ತಿದ್ದರು: ಪಂದ್ಯಕ್ಕೆ ಮುಂಚೆ ಹಳೆ ಬಟ್ಟೆಯನ್ನು ಪಟ್ಟಿ ಪಟ್ಟಿಯಾಗಿ ಹರಿದು ಪಾದದ ನಡುವಿನಿಂದ ಹರಡಿನವರೆಗೆ ಬಿಗಿಯಾಗಿ ಸುತ್ತುವುದು, ಬೆರಳುಗಳನ್ನು ಮಾತ್ರ ಬಿಟ್ಟುಕೊಳ್ಳುವುದು. ಚೆಂಡು ಎಲ್ಲಿ ಮುಟ್ಟಿತು ಎಂದು ಬೆರಳಿಗೆ ಗೊತ್ತಾಗಬೇಕು. ಬೆಂಗಳೂರಿನ ಗಟ್ಟಿ ಕೆಂಪು ನೆಲದಲ್ಲಿ ಬರಿಗಾಲು ಬೂಟಿಗಿಂತ ಬೇಗ ತಿರುಗುತ್ತದೆ. ಮಳೆ ಬಂದರೆ ಮಾತ್ರ ಕಥೆ ಬೇರೆ. ಕೆಸರಿನಲ್ಲಿ ಬರಿಗಾಲು ಜಾರುತ್ತದೆ, ತೊಗಲಿನ ಚೆಂಡು ನೀರು ಕುಡಿದು ಕಲ್ಲಾಗುತ್ತದೆ. ಚೆಂಡಿನ ತೂಕದ ನಿಯಮವನ್ನು 1937ರಲ್ಲೇ ಒಂದು ಔನ್ಸ್ ಹೆಚ್ಚಿಸಿದ್ದರು. ಒಣಗಿದ್ದಾಗ 14ರಿಂದ 16 ಔನ್ಸ್, ಅಂದರೆ ಸುಮಾರು 400ರಿಂದ 450 ಗ್ರಾಂ. ಹಣೆಯ ಮೇಲೆ ಆ ಒದ್ದೆ ಚೆಂಡಿನ ಹೊಲಿಗೆಯ ಗುರುತು ಬಿದ್ದ ಆಟಗಾರರು ಆಗ ಬೇಕಾದಷ್ಟು ಜನ.

ಬರಿಗಾಲಿನ ಆಟ ಲಂಡನ್ನಿಗೂ ಹೋಯಿತು. 1948ರ ಒಲಿಂಪಿಕ್ಸ್‌ನಲ್ಲಿ, ಜುಲೈ 31ರಂದು, ಭಾರತ ಫ್ರಾನ್ಸಿನ ಎದುರು ಆಡಿತು. ನಮ್ಮ ಹೆಚ್ಚಿನ ಆಟಗಾರರು ಬರಿಗಾಲಲ್ಲೇ ಇದ್ದರು. ಎರಡು ಪೆನಾಲ್ಟಿ ಸಿಕ್ಕಿಯೂ ಕೈತಪ್ಪಿದವು, ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ ಗೋಲು ಹೊಡೆದು 2–1ರಲ್ಲಿ ಗೆದ್ದಿತು. ಭಾರತದ ಆ ಒಂದು ಗೋಲು ಹೊಡೆದವರು ನಮ್ಮ ಮೈಸೂರು ತಂಡದ ಸಾರಂಗಪಾಣಿ ರಾಮನ್. ಸ್ವತಂತ್ರ ಭಾರತ ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಹೊಡೆದ ಮೊದಲ ಗೋಲು ಅದು. ನಾಲ್ಕು ವರ್ಷದ ಮೇಲೆ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಭಾರತವನ್ನು 10–1ರಲ್ಲಿ ಸೋಲಿಸಿತು. ಚಳಿಯ ದೇಶದಲ್ಲಿ ಬರಿಗಾಲು ನಡೆಯುವುದಿಲ್ಲ ಎಂದು ಆಮೇಲೆ ಬೂಟು ಕಡ್ಡಾಯವಾಯಿತು. ಆ ಹತ್ತಕ್ಕೆ ಪ್ರತಿಯಾಗಿ ಭಾರತದ ಒಂದು ಗೋಲು ಹೊಡೆದವರು ಅಹ್ಮದ್ ಖಾನ್. ಅವರೂ ಬೆಂಗಳೂರಿನವರೇ, ಬೆಂಗಳೂರು ಮುಸ್ಲಿಮ್ಸ್‌ನಲ್ಲಿ ಆಡಿ ಬೆಳೆದವರು. ಎರಡು ಒಲಿಂಪಿಕ್ಸ್, ಎರಡು ಗೋಲು, ಎರಡೂ ನಮ್ಮ ಕಡೆಯವರ ಕಾಲಿನಿಂದ. ನಾನು ಎಷ್ಟೋ ಕ್ವಿಜ್ ಕಾರ್ಯಕ್ರಮ ನೋಡಿದ್ದೇನೆ, ಈ ಪ್ರಶ್ನೆಯನ್ನು ಯಾರೂ ಕೇಳಿದ್ದು ಕಂಡಿಲ್ಲ.

ಅಹ್ಮದ್ ಖಾನರ ಮುಂದಿನ ಹತ್ತು ವರ್ಷವನ್ನು ನೋಡಿದರೆ ನಮ್ಮ ತಂಡಕ್ಕೆ ಏನಾಯಿತು ಎಂಬುದು ಅರ್ಥವಾಗುತ್ತದೆ. 1949ರಲ್ಲಿ ಅವರು ಕಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು, 1959ರವರೆಗೆ ಅಲ್ಲೇ ಆಡಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ ಎಂಬ ಈಸ್ಟ್ ಬೆಂಗಾಲಿನ ಐದು ಮುನ್ಪಡೆ ಆಟಗಾರರನ್ನು ಬಂಗಾಳಿಗಳು ‘ಪಂಚಪಾಂಡವರು’ ಎಂದು ಕರೆದರು. ಐವರೂ ದಕ್ಷಿಣದವರು. ಬಂಗಾಳದಲ್ಲಿ ಅವರ ಹೆಸರು ಇವತ್ತಿಗೂ ಮನೆಮಾತು, ಹುಟ್ಟಿದ ಊರಿನಲ್ಲಿ ಹೇಳುವವರಿಲ್ಲ. 2017ರಲ್ಲಿ ಅಹ್ಮದ್ ಖಾನ್ ಬೆಂಗಳೂರಿನಲ್ಲಿ ತೀರಿಕೊಂಡರು.

ಯಾಕೆ ಹೋದರು? ಬಿ.ಕಾಂ. ಓದಿದವನಿಗೆ ಇದು ಜಮಾ-ಖರ್ಚಿನ ಪ್ರಶ್ನೆಯಾಗಿಯೇ ಕಾಣುತ್ತದೆ. ಕಲ್ಕತ್ತದಲ್ಲಿ ಲೀಗ್ ಇತ್ತು, ತಿಂಗಳುಗಟ್ಟಲೆ ಪಂದ್ಯಗಳಿದ್ದವು, ಸಾವಿರಾರು ಜನ ಟಿಕೆಟ್ ಕೊಂಡು ಬರುತ್ತಿದ್ದರು. ಎಲ್ಲಿ ಟಿಕೆಟ್ ಹಣ ಇದೆಯೋ ಅಲ್ಲಿ ಆಟಗಾರನ ಊಟ, ವಸತಿ, ಕೈಖರ್ಚು, ಒಂದು ನೌಕರಿ ಇವೆಲ್ಲ ಹೇಗೋ ಹೊಂದುತ್ತವೆ. ಕಾಗದದ ಮೇಲೆ ಎಲ್ಲರೂ ಹವ್ಯಾಸಿಗಳು, ಕೂಲಿಗೆ ಆಡುವವರಲ್ಲ. ಕೂಲಿ ಅಂತೂ ಇನ್ನೊಂದು ಹೆಸರಿನಲ್ಲಿ ಬರುತ್ತಿತ್ತು. ಬೆಂಗಳೂರಿನಲ್ಲಿ ಇದ್ದದ್ದು ಆಟ ಮಾತ್ರ. ಬೊಂಬಾಯಿಗೆ ಹೋಗಬೇಕೆಂದರೆ ಒಂದು ದಿನಕ್ಕೂ ಮೀರಿದ ರೈಲು ಪ್ರಯಾಣ, ನಡುವೆ ಮೀಟರ್ ಗೇಜ್ ಗಾಡಿ ಇಳಿದು ಬ್ರಾಡ್ ಗೇಜ್ ಗಾಡಿ ಹತ್ತಬೇಕು. ಹನ್ನೊಂದು ಜನರ ಜೊತೆ ಇನ್ನೂ ನಾಲ್ಕಾರು ಜನರ ರೈಲು ಚಾರ್ಜು, ಊಟ, ಮನೆಯಲ್ಲಿ ತಪ್ಪಿದ ಕೂಲಿ. ಬೆಳ್ಳಿ ಕಪ್ಪನ್ನು ಇಟ್ಟುಕೊಂಡು ಅಕ್ಕಿ ತರಲಾಗುವುದಿಲ್ಲ.

ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಎಂಬ ನೂಲು ಗಿರಣಿಗಳ ಊರಿನಲ್ಲಿ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಎಂಬ ತಂಡವಿತ್ತು. ನೇಯ್ಗೆಯವರು, ನೂಲುವವರು, ಕೊಳಾಯಿ ಕೆಲಸದವನು, ಹಲ್ಲಿನ ಡಾಕ್ಟರ ಸಹಾಯಕ ಇಂಥವರ ತಂಡ. 1883ರಲ್ಲಿ ಅದು ಲಂಡನ್ನಿಗೆ ಹೋಗಿ ಎಫ್.ಎ. ಕಪ್ ಫೈನಲ್ಲಿನಲ್ಲಿ ಶ್ರೀಮಂತರ ಶಾಲೆಯ ಹಳೆಯ ವಿದ್ಯಾರ್ಥಿಗಳಾದ ಓಲ್ಡ್ ಇಟೋನಿಯನ್ಸ್ ತಂಡವನ್ನು 2–1ರಲ್ಲಿ ಸೋಲಿಸಿತು. ಅದಕ್ಕೆ ಮೊದಲು ಕೂಲಿಕಾರರ ಯಾವ ತಂಡವೂ ಆ ಕಪ್ ಗೆದ್ದಿರಲಿಲ್ಲ. 1885ರಲ್ಲಿ ಆಟಗಾರರಿಗೆ ಸಂಬಳ ಕೊಡುವುದು ನ್ಯಾಯಬದ್ಧವಾಯಿತು. ಕೂಲಿಕಾರರಿಗೆ ಒಳ್ಳೆಯದಾಯಿತು ಎನ್ನೋಣವೇ? ಆಟಗಾರರಿಗೇನೋ ಆಯಿತು. ಆದರೆ ಸಂಬಳ ಕೊಡುವ ಶಕ್ತಿ ಇದ್ದದ್ದು ಅದೇ ಊರಿನ ದೊಡ್ಡ ತಂಡ ಬ್ಲ್ಯಾಕ್‌ಬರ್ನ್ ರೋವರ್ಸ್‌ಗೆ. 1888ರಲ್ಲಿ ಫುಟ್‌ಬಾಲ್ ಲೀಗ್ ಶುರುವಾದಾಗ ಒಳಗೆ ಹೋದದ್ದೂ ರೋವರ್ಸ್. 1889ರಲ್ಲಿ ಒಲಿಂಪಿಕ್ ಬಾಗಿಲು ಮುಚ್ಚಿತು. ಕಪ್ ಗೆದ್ದ ಆರೇ ವರ್ಷಕ್ಕೆ.

ನಮ್ಮಲ್ಲಿ ಹುಡುಗರು ಪೂರ್ತಿ ಬೀದಿಗೆ ಬೀಳದಂತೆ ಹಿಡಿದದ್ದು ಕಾರ್ಖಾನೆಗಳು. 1940ರಲ್ಲಿ ಎಚ್.ಎ.ಎಲ್., 1948ರಲ್ಲಿ ಐ.ಟಿ.ಐ. ಬಂದವು. ಆಮೇಲೆ ಬ್ಯಾಂಕುಗಳು, ಸೈನ್ಯದ ಎಂ.ಇ.ಜಿ., ಎ.ಎಸ್.ಸಿ. ಕೇಂದ್ರಗಳು, ಸರ್ಕಾರಿ ಇಲಾಖೆಗಳು. ಚೆಂಡು ಚೆನ್ನಾಗಿ ಒದ್ದರೆ ಪಿಂಚಣಿ ಇರುವ ಕೆಲಸ. ಮೈಸೂರು ರಾಜ್ಯ 1946–47ರಲ್ಲಿ, 1952–53ರಲ್ಲಿ, ಮತ್ತೆ 1967–68, 1968–69ರಲ್ಲಿ ಬಂಗಾಳವನ್ನೇ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಆ ಕೊನೆಯ ಗೆಲುವು ಬೆಂಗಳೂರಿನಲ್ಲೇ ಆಯಿತು. ನಮ್ಮೂರಿಗೆ ಪತ್ರಿಕೆ ಮಧ್ಯಾಹ್ನದ ಬಸ್ಸಿಗೆ ಬರುತ್ತಿತ್ತು. ಹೋಟೆಲಿನ ಜಗಲಿಯ ಮೇಲೆ ಒಬ್ಬರು ಗಟ್ಟಿಯಾಗಿ ಓದಿದರೆ ಹತ್ತು ಜನ ಕೇಳುತ್ತಿದ್ದೆವು. ಅದೇ ಕೊನೆಯಾಗಿ, ಮತ್ತೆ ಕರ್ನಾಟಕ ಆ ಟ್ರೋಫಿ ಎತ್ತಲು 54 ವರ್ಷ ಬೇಕಾಯಿತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದಿನಲ್ಲಿ ಮೇಘಾಲಯದ ಮೇಲೆ 3–2. ಟಿ.ವಿ. ಮುಂದೆ ನಾನು ಎದ್ದು ನಿಂತದ್ದನ್ನು ನೋಡಿ ಸೊಸೆ, ‘ಮಾವ, ಮಂಡಿ ನೋವು ಅಂತಿದ್ರಲ್ಲ?’ ಎಂದಳು.

ಕೌಂಟರಿನ ಆ ಗೆಳೆಯರ ವಿಷಯ ಇನ್ನೂ ಸ್ವಲ್ಪ ಹೇಳಬೇಕು. ಮಧ್ಯಾಹ್ನ ಎರಡು ಗಂಟೆಯ ಮೇಲೆ ಅವರಿಗೆ ಅಭ್ಯಾಸಕ್ಕೆ ಹೋಗಲು ಅನುಮತಿ ಇತ್ತು. ಉಳಿದವರಿಗೆ ಹೊಟ್ಟೆಯುರಿ. ‘ನಾವು ಲೆಡ್ಜರ್ ಹೊರಬೇಕು, ಇವರು ಚೆಂಡು ಹೊರುತ್ತಾರೆ’ ಎನ್ನುತ್ತಿದ್ದರು. ಮೂವತ್ತೊಂದನೆಯ ವಯಸ್ಸಿನಲ್ಲಿ ಅವರ ಮಂಡಿ ಹೋಯಿತು. ಆಪರೇಷನ್ ಆಗಿ ಮೂರು ತಿಂಗಳಿಗೆ ಕೌಂಟರಿಗೆ ಬಂದು ಕುಳಿತರು. ಎರಡು ಗಂಟೆಯಾದಾಗ ಗಡಿಯಾರ ನೋಡುವುದು ಮಾತ್ರ ಬಿಡಲಿಲ್ಲ, ನಿವೃತ್ತಿಯವರೆಗೂ. ‘ನಮ್ಮಪ್ಪನಿಗೆ ಮಂಡಿ ಹೋದಾಗ ಕೌಂಟರ್ ಇರಲಿಲ್ಲ ಸಾರ್’ ಎಂದು ಒಮ್ಮೆ ಹೇಳಿದರು. ಅಪ್ಪ ಆಮೇಲೆ ಏನು ಮಾಡಿದರು ಎಂದು ಕೇಳಿದೆ. ಶಿವಾಜಿನಗರದಲ್ಲಿ ಸೈಕಲ್ ಪಂಕ್ಚರ್ ಹಾಕುತ್ತಿದ್ದರಂತೆ.

ಈಗ ಅಂಥ ನೌಕರಿಗಳೂ ಕಡಿಮೆಯಾದವು. 1996ರಲ್ಲಿ ರಾಷ್ಟ್ರೀಯ ಲೀಗ್ ಶುರುವಾಯಿತು, ಹಣದ ಆಟ ಬಂತು. ಕಚೇರಿ ತಂಡಗಳು ಒಂದೊಂದಾಗಿ ಹಿಂದೆ ಸರಿದವು. ಎಚ್.ಎ.ಎಲ್. ತಂಡ 2011–12ರ ಐ-ಲೀಗಿನವರೆಗೂ ಏದುಸಿರು ಬಿಡುತ್ತಾ ಓಡಿತು. ರೋವರ್ಸ್ ಕಪ್ಪೇ 2000–01ರ ಹೊತ್ತಿಗೆ ನಿಂತುಹೋಯಿತು. ಇವತ್ತಿನ ಆಟಗಾರನಿಗೆ ಸಿಗುವ ಸಂಬಳ ನಮ್ಮ ಗೆಳೆಯರ ಇಡೀ ನೌಕರಿಯ ಸಂಬಳವನ್ನು ಒಂದೆರಡು ವರ್ಷದಲ್ಲಿ ಮೀರಿಸಬಹುದು. ಆದರೆ ಅದು ಕರಾರಿನ ಸಂಬಳ. ಕರಾರು ಮುಗಿದ ದಿನ ಕೂರುವುದಕ್ಕೆ ಕೌಂಟರ್ ಇಲ್ಲ.

ನಮ್ಮ ಮನೆಯಲ್ಲಿ ಜಗಳ ಇರುವುದೇ ಇಲ್ಲಿ. ಮೊಮ್ಮಗ ಏಳನೆಯ ತರಗತಿ. ಶಾಲೆ ಬಿಟ್ಟ ಮೇಲೆ ಹುಲುಗನಮರಡಿ ಬೆಟ್ಟದ ಹಿಂದೆ ಹೊತ್ತು ಇಳಿಯುವವರೆಗೂ ಮೈದಾನದಲ್ಲಿರುತ್ತಾನೆ. ಎರಡು ಕಲ್ಲು ಇಟ್ಟರೆ ಗೋಲು. ಎಡಗಾಲಲ್ಲಿ ಒದೆಯುತ್ತಾನೆ, ತಲೆ ಎತ್ತಿ ಆಡುತ್ತಾನೆ. ಅವನ ಪಿ.ಟಿ. ಮೇಷ್ಟ್ರು ಕ್ರೀಡಾ ಇಲಾಖೆಯ ವಸತಿ ನಿಲಯದ ಆಯ್ಕೆಗೆ ಅರ್ಜಿ ತಂದುಕೊಟ್ಟಿದ್ದಾರೆ. ಅರ್ಜಿಗೆ ತಂದೆಯ ಸಹಿ ಬೇಕು. ನನ್ನ ಮಗ ಸಹಿ ಮಾಡಿಲ್ಲ.

‘ಅಪ್ಪಾಜಿ, ನೀವೇ ಹೇಳ್ತೀರಲ್ಲ, ಅಷ್ಟು ಕಪ್ ಗೆದ್ದೋರು ಪಂಕ್ಚರ್ ಹಾಕುದ್ರು ಅಂತ. ನನ್ ಮಗ ಹಾಕ್ಬೇಕಾ?’

ಕಪ್ ಗೆದ್ದವರೇ ಬೇರೆ, ಪಂಕ್ಚರ್ ಹಾಕಿದ ಆ ಹಿರಿಯರೇ ಬೇರೆ ಎಂದೆ. ಆದರೆ ಅದು ಉತ್ತರವಲ್ಲ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಮಗ ಕೇಳಿದ್ದು ಸರಿಯಾದ ಪ್ರಶ್ನೆ. ತೆರಕಣಾಂಬಿ ಮಾರುಕಟ್ಟೆಯಲ್ಲಿ ಟೊಮೆಟೊ ದರ ಬಿದ್ದ ವರ್ಷ, ಏರಿದ ವರ್ಷ ಎರಡನ್ನೂ ಕಂಡವನು ಅವನು. ಗೊತ್ತಿಲ್ಲದ ಬೆಲೆಗೆ ಬೆಳೆ ಇಡುವುದು ಏನೆಂದು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ.

ನಾನು ಹೇಳಿದ್ದು ಇಷ್ಟು. ವಸತಿ ನಿಲಯದಲ್ಲಿ ಶಾಲೆಯೂ ಇದೆ, ಓದು ನಿಲ್ಲುವುದಿಲ್ಲ. ಹತ್ತನೆಯ ತರಗತಿಯವರೆಗೆ ಆಡಲಿ, ಆಮೇಲೆ ಕಾಲು ಏನು ಹೇಳುತ್ತದೆಯೋ ನೋಡೋಣ. ಅಲ್ಲಿಯವರೆಗೆ ಅವನ ಹೆಸರಿನ ಒಂದು ಆರ್.ಡಿ. ಖಾತೆಗೆ ನನ್ನ ಪಿಂಚಣಿಯಿಂದ ತಿಂಗಳು ತಿಂಗಳು ಹಾಕುತ್ತೇನೆ. 1937ರ ಹುಡುಗರಿಗೆ ಯಾರಾದರೂ ಮಾಡಬೇಕಿದ್ದ ಕೆಲಸ ಅದು. ಮಗ ಏನೂ ಹೇಳದೆ ಎದ್ದು ಮೋಟರು ಹಾಕಲು ತೋಟಕ್ಕೆ ಹೋದ. ಹುಡುಗ ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ‘ತಾತಾ, ಅಹ್ಮದ್ ಖಾನ್ ಎಡಗಾಲೋ ಬಲಗಾಲೋ?’ ಎಂದು ಕೇಳಿದ.

ಅರ್ಜಿ ರೇಡಿಯೊ ಕೆಳಗೆ ಇದೆ. ಕೊನೆಯ ದಿನಕ್ಕೆ ಇನ್ನೂ ಎಂಟು ದಿನ. ನಿನ್ನೆ ಗುಂಡ್ಲುಪೇಟೆಗೆ ಲೈಫ್ ಸರ್ಟಿಫಿಕೇಟ್ ಕೊಡಲು ಹೋದವನು ಬೂಟಿನಂಗಡಿಯಲ್ಲಿ ಬೆಲೆ ವಿಚಾರಿಸಿಕೊಂಡು ಬಂದೆ. ಅವನ ಅಳತೆ ಐದು. ಬೆಳೆಯುವ ಕಾಲು, ಆರು ತಗೊಳ್ಳಿ ಎಂದ ಅಂಗಡಿಯವನು.